ದೀಪವಿಲ್ಲದ ಫಟಫಟಿ

“ಈ ಗಾಡಿ ಹೊತ್ತು ಮುಳುಗೋದ್ರೊಳಗೆ ಹೊಸನಗರದಿಂದ ಬಸದಿಕೊಪ್ಪ ಮುಟ್ಟುತ್ತಾ?”

ತೀರ್ಥಹಳ್ಳಿಯ ಮುಕುಂದಯ್ಯನವರು ತಮ್ಮ ಹಳೇ ಫಟಫಟಿ ಮೋಟಾರು ಸೈಕಲ್ಲು ಕೊಳ್ಳಲು ಬಂದವನಿಂದ ನೂರೆಂಟು ಪ್ರಶ್ನೆ ಬರಬಹುದೆಂದು ತಯಾರಾಗಿದ್ದರು. ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ, ಎಷ್ಟು ವರ್ಷದ್ದು, ಕಡೇ ಮಾತು ಎಷ್ಟು ಅಂತ ಕೇಳುವುದು ಲೋಕರೂಢಿ. ಈ ಪುಣ್ಯಾತ್ಮ ಗಾಡಿಗೆ ಒಂದು ಸುತ್ತನ್ನೂ ಹಾಕದೆ ನೇರವಾಗಿ ಸೂರ್ಯನ ಸುದ್ದಿ ಎತ್ತಿದ್ದ. ಮುಕುಂದಯ್ಯ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು.

“ಅಲ್ಲ ಮಾರಾಯ್ರೇ, ಹೊತ್ತು ಮುಳುಗೋದು ನನ್ನ ಗಾಡಿ ಕೈಲಿದ್ಯಾ? ನೀವು ಹೊರಡೋದು ಯಾವಾಗ ಹೇಳಿ.”

“ಐದಕ್ಕೆ. ತಾಲ್ಲೂಕು ಕಚೇರಿ ಬಿಡೋದೇ ಐದಕ್ಕೆ. ಹದಿನೈದು ಮೈಲಿ ದಾರಿ. ಪುಷ್ಯ ಮಾಸದಲ್ಲೂ ಮುಟ್ಟಬೇಕು.”

“ಮುಟ್ಟದೆ ಏನು! ಇದನ್ನ ಹತ್ತಿದ್ರೆ ಸೂರ್ಯನೇ ನಿಮ್ಮ ಹಿಂದೆ ಓಡಿ ಬರ್ಬೇಕು!” ಮುಕುಂದಯ್ಯ ಗಹಗಹಿಸಿ ನಕ್ಕರು. ಗಾಡಿ ನೋಡಲೆಂದು ಜಗಲಿಯ ತುಂಬ ಸೇರಿದ್ದ ಜನವೂ ನಕ್ಕಿತು. ಕೇಳಿದವನು ಮಾತ್ರ ನಗಲಿಲ್ಲ.

ನಗುವುದು ಹೇಗೆ? ಕೇಳಿದವನು ಚಂದ್ರನಾಥ, ಹೊಸನಗರದ ತಾಲ್ಲೂಕು ಕಚೇರಿಯ ಗುಮಾಸ್ತ, ರಿಪ್ಪನ್‌ಪೇಟೆಗೆ ಒಂದು ಮೈಲಿ ಈಚೆಗಿರುವ ಬಸದಿಕೊಪ್ಪದ ಜೈನರ ಮನೆಯವನು. ಜೈನರ ಮನೆಯಲ್ಲಿ ಹೊತ್ತು ಮುಳುಗಿತೆಂದರೆ ಮುಗಿಯಿತು, ಒಲೆ ಆರಿತು, ಬಾಯಿ ಕಟ್ಟಿತು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಎಷ್ಟು ಜೀವ ತುತ್ತಿನ ಜೊತೆ ಹೋಗುತ್ತವೋ ಎಂಬ ಭಯ ಅವರಿಗೆ ತಾಯಿಯ ಹಾಲಿನಲ್ಲೇ ಬಂದದ್ದು. ರಿಪ್ಪನ್‌ಪೇಟೆಯಲ್ಲಿ ಕೆಲಸವಿದ್ದಷ್ಟು ದಿನ ಚಂದ್ರನಾಥ ಐದೂಕಾಲಿಗೆ ಮನೆ ಸೇರುತ್ತಿದ್ದ. ಹೊಸನಗರಕ್ಕೆ ವರ್ಗವಾದದ್ದೇ ತಡ, ಅವನ ಸಂಜೆಯ ಊಟ ಹೋಯಿತು.

ಆಗ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಬಸ್ಸಿನ ಮೇಲಿನ ಮರ್ಯಾದೆಗೆ. ಐದೂವರೆಗೆ ಬಿಡುವ ಬಸ್ಸು ಹಿಂದಿನ ಒಲೆಗೆ ಗಾಳಿ ಊದಿ ಊದಿ ಆರಕ್ಕೆ ಎಚ್ಚರಾಗುತ್ತಿತ್ತು. ಏರು ಬಂದಲ್ಲಿ ಜನ ಇಳಿದು ನೂಕಬೇಕಿತ್ತು. ಟಿಕೆಟ್ಟಿಗೆ ದುಡ್ಡನ್ನೂ ಕೊಟ್ಟು ಬಸ್ಸನ್ನೂ ನೂಕಿ ಚಂದ್ರನಾಥ ಮನೆಗೆ ಬರುವಾಗ ನಕ್ಷತ್ರ ಮೂಡಿರುತ್ತಿತ್ತು. ಒಂದು ಲೋಟ ನೀರನ್ನೂ ಕುಡಿಯದೆ ಮಲಗುತ್ತಿದ್ದ. ಅವನಿಗೆ ಅದೇನು ಕಷ್ಟವಲ್ಲ, ಮಧ್ಯಾಹ್ನಕ್ಕೆ ಹೆಂಡತಿ ಚಂದ್ರಮತಿ ಕಟ್ಟಿಕೊಡುವ ಅವಲಕ್ಕಿ ಇತ್ತು.

ಗೊತ್ತಿಲ್ಲದೆ ಇದ್ದದ್ದು ತಾಯಿಯ ಸಂಗತಿ. ಫಾಲ್ಗುಣದಲ್ಲಿ ಒಂದು ಬೆಳಗ್ಗೆ ಜಿನಮ್ಮ ಬಸದಿಯ ಮೆಟ್ಟಿಲ ಮೇಲೆ ಅಭಿಷೇಕದ ಬಿಂದಿಗೆಯ ಸಮೇತ ಕುಸಿದು ಬಿದ್ದಳು. ಪಂಡಿತರು ನಾಡಿ ಹಿಡಿದು ನೋಡಿ, “ರೋಗ ಇಲ್ಲ ಏನಿಲ್ಲ. ಹೊಟ್ಟೆಗೇ ಇಲ್ಲ. ಹೀಗೇ ಬಿಟ್ರೆ ಮಳೆಗಾಲ ಕಾಣಲ್ಲ,” ಅಂದುಬಿಟ್ಟರು. ಚಂದ್ರನಾಥ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಚಂದ್ರಮತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ನಿಮಗೆ ಹೇಳ್ಬಾರ್ದು ಅಂತ ಕೈಮೇಲೆ ಕೈ ಹಾಕಿಸ್ಕೊಂಡಿದ್ರು. ನಿಮ್ಗೆ ಬಡಿಸ್ದೆ ಅತ್ತೆ ಬಾಯಿಗೆ ತುತ್ತಿಡಲ್ಲ. ಬೆಳಿಗ್ಗೆ ಎಂಟಕ್ಕೆ ನಿಮ್ಮ ಜೊತೆ ಉಂಡಿದ್ದೇ, ಆಮೇಲೆ ಮಾರನೇ ದಿನ ಎಂಟಕ್ಕೇ. ಒಂದೂವರೆ ವರ್ಷ ಆಯ್ತು.”

ಆ ನೇಮ ಚಂದ್ರನಾಥನಿಗೆ ಗೊತ್ತಿಲ್ಲದ್ದೇನಲ್ಲ. ಅವನಿಗೆ ಆರು ವರ್ಷವಿದ್ದಾಗ ಅಪ್ಪ ಅಜಿತಪ್ರಸಾದ ನಾಟಾ ಕೊಯ್ಯಿಸಲು ಕಾಡಿಗೆ ಹೋಗಿದ್ದ. ಹೊತ್ತು ಇಳಿಯಿತು, ಗಂಡ ಬರಲಿಲ್ಲ. ಇನ್ನು ತಡಮಾಡಿದರೆ ಊಟವೇ ಇಲ್ಲವೆಂದು ಜಿನಮ್ಮ ಒಬ್ಬಳೇ ಉಂಡಳು. ಅವಳು ಕೈ ತೊಳೆಯುತ್ತಿರುವಾಗಲೇ ಮರ ಬಿದ್ದು ಸತ್ತ ಗಂಡನನ್ನು ಮಂಚದ ಮೇಲೆ ಹೊತ್ತು ತಂದರು. ಮನೆಯವರು ಬರುವ ಮುಂಚೆ ಇನ್ನು ಉಣ್ಣುವುದಿಲ್ಲವೆಂದು ಪಾರ್ಶ್ವನಾಥ ಸ್ವಾಮಿಯ ಮುಂದೆ ಅವಳು ನೇಮ ಹಿಡಿದದ್ದು ಆವತ್ತು. ಅದೆಲ್ಲ ಹಳೆಯ ಮಾತು, ವಯಸ್ಸಾದ ಮೇಲೆ ಬಿಟ್ಟಿರಬೇಕೆಂದು ಮಗ ತಿಳಿದಿದ್ದ. ರಾತ್ರಿ ಬಂದಾಗೆಲ್ಲ, “ನಿಂಗೆ ಸುಸ್ತಾಯ್ತೇನೋ ಮಗಾ,” ಅಂತ ಅವಳೇ ಕೇಳುತ್ತಿದ್ದಳು. ಹೊಟ್ಟೆಗಿಲ್ಲದವಳು ಹೊಟ್ಟೆ ತುಂಬಿದವನನ್ನು ಸುಸ್ತಾಯಿತೇ ಅಂತ ಕೇಳುವುದೆಂದರೆ! ನೆನೆದಾಗೆಲ್ಲ ಚಂದ್ರನಾಥನಿಗೆ ಮೈ ಜುಮ್ಮೆನ್ನುತ್ತಿತ್ತು.

ಕೆಲಸ ಬಿಡುತ್ತೇನೆಂದ. “ಕೆಲಸ ಬಿಟ್ಟು ಬಂದು ಬಡಿಸ್ಕೊಂಡ್ರೆ ಆ ಊಟವೂ ಬೇಡ,” ಅಂದಳು. ಹೊಸನಗರಕ್ಕೇ ಬಂದು ಇರು ಅಂದ. “ಸ್ವಾಮಿಗೆ ದಿನಾ ನೀರು ಹಾಕೋರ್ಯಾರು?” ಅಂದಳು. ವರ್ಗಕ್ಕೆ ಅರ್ಜಿ ಹಾಕಿದ. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಗುಮಾಸ್ತನಿಗೆ ಆ ಉತ್ತರದ ಅರ್ಥ ಗೊತ್ತಿಲ್ಲವೇ, ಅವನೇ ದಿನಕ್ಕೆ ಹತ್ತು ಬರೆಯುತ್ತಿದ್ದ. ಸೈಕಲ್ಲಿನಲ್ಲಿ ಆ ಏರು ಹತ್ತಿ ಬರಲು ಎರಡು ಗಂಟೆಯಾದರೂ ಬೇಕು. ಉಳಿದದ್ದು ಫಟಫಟಿ ಒಂದೇ. ಕಾಳುಮೆಣಸು ಮಾರಿದ ದುಡ್ಡಿಗೆ ಹೊಸದರ ಗಾಲಿಯೂ ಬರುತ್ತಿರಲಿಲ್ಲ. ಹಾಗಾಗಿ ಹಳೆಯದನ್ನು ಹುಡುಕಿ ಹೊರಟ. ಹುಡುಕಿಕೊಡಲು ದುಗ್ಗಪ್ಪನನ್ನು ಕಟ್ಟಿಕೊಂಡ.

ದುಗ್ಗಪ್ಪ ರಿಪ್ಪನ್‌ಪೇಟೆಯ ಬಸ್ಸಿನ ಮೆಕ್ಯಾನಿಕ್ಕು. ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕ ತಲೆಯಿಟ್ಟು ಎರಡೂ ಕಿವಿಯನ್ನು ಕಳೆದುಕೊಂಡಿದ್ದ. ತನಗೆ ಕೇಳದ್ದು ಯಾರಿಗೂ ಕೇಳುವುದಿಲ್ಲವೆಂದು ತಿಳಿದವನ ಹಾಗೆ ಅವನು ಮಾತಾಡಿದರೆ ಮೂರು ಅಂಗಡಿ ಆಚೆಗೆ ಕೇಳುತ್ತಿತ್ತು. “ಸಣ್ಣದು ತಗೋಬೇಡಿ, ಏರು ಹತ್ತಲ್ಲ! ದೊಡ್ಡದು ಬೇಡ, ನಿಮ್ಮ ತಿಂಗಳ ಪೆಟ್ರೋಲ್ ರೇಷನ್ ಕೂಪನ್ ಹತ್ತು ದಿನಕ್ಕೇ ಖಾಲಿ ಮಾಡುತ್ತೆ! ನಡುಮಟ್ಟದ್ದು ನೋಡಾಣ!” ಎಂದು ಅವನು ಗುಟ್ಟಾಗಿ ಹೇಳಿದ್ದು ಪೇಟೆಗೆಲ್ಲ ತಿಳಿಯಿತು. ಕಿವುಡನನ್ನು ಕರೆದುಕೊಂಡು ಎಂಜಿನ್ನು ಪರೀಕ್ಷಿಸಲು ಹೊರಟಿದ್ದಾನೆ, ಕುರುಡನ ಹತ್ತಿರ ಹೆಣ್ಣು ನೋಡಿಸಿದ ಹಾಗಾಯಿತು ಅಂತ ಜನ ಆಡಿಕೊಂಡರು.

ಮುಕುಂದಯ್ಯನ ಜಗಲಿಯಲ್ಲಿ ಆವತ್ತು ಸೇರಿದ ಜನವೂ ಹಾಗೇ ಅಂದುಕೊಂಡಿತ್ತು. ಗಾಡಿಯೇನೋ ಮದುವಣಗಿತ್ತಿಯ ಹಾಗಿತ್ತು. ಕೆಂಪು ಟ್ಯಾಂಕು, ಮುಖ ಕಾಣುವ ಹಾಗೆ ಉಜ್ಜಿದ ಹಿತ್ತಾಳೆ. ಮುಕುಂದಯ್ಯ ಒದ್ದ ಮೊದಲನೇ ಏಟಿಗೇ ಅದು ಗುಡುಗಿತು. ಚಂದ್ರನಾಥನ ಎದೆಯೂ ಅದರ ಜೊತೆಗೇ ಬಡಿದುಕೊಂಡಿತು. ಇದೇ, ಇದೇ ಆಗಲಿ ಅಂದಿತು ಮನಸ್ಸು.

ದುಗ್ಗಪ್ಪ ಜೇಬಿನಿಂದ ಗೇಣುದ್ದದ ಹೊನ್ನೆಮರದ ಕಡ್ಡಿಯೊಂದನ್ನು ತೆಗೆದ. ಒಂದು ತುದಿಯನ್ನು ಎಂಜಿನ್ನಿಗೆ ಆನಿಸಿ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದ. ಕಿವಿ ಸತ್ತರೇನು, ಹಲ್ಲಿನಿಂದ ತಲೆಬುರುಡೆಗೆ ದಾರಿ ಇತ್ತಲ್ಲ! ಅವನ ಮುಖದ ಮೇಲೆ ಯಾರೋ ಕಥೆ ಹೇಳುತ್ತಿರುವಂಥ ಕಳೆ ಬಂತು. ಹುಬ್ಬು ಏರಿತು, ಇಳಿಯಿತು. ಕಡೆಗೆ ಕಡ್ಡಿ ತೆಗೆದು ತಲೆಯಲ್ಲಾಡಿಸಿದ.

“ಒಳಗೆ ಒಬ್ಬ ಕುಂಟ್ತಿದಾನೆ! ಒಂದ್ಸಲ ಎಣ್ಣೆ ಇಲ್ದೆ ಓಡ್ಸಿದೀರಿ. ಬೇರಿಂಗ್ ಸುಟ್ಟಿದೆ. ಮೂರು ತಿಂಗಳು ಬಂದ್ರೆ ಹೆಚ್ಚು!”

ಮುಕುಂದಯ್ಯನಿಗೆ ಮೂಗಿನ ತುದಿಗೆ ಕೋಪ ಬಂತು. “ಯಾವನಯ್ಯಾ ನೀನು? ಎಣ್ಣೆ ಇಲ್ದೆ ನಾನ್ಯಾಕೆ...”

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಶೇಷಮ್ಮನ ದನಿ ಬಂತು. “ದೀಪಾವಳಿ ದಿನ ಓಡ್ಸಿದ್ದು ಮರ್ತು ಹೋಯ್ತೇನ್ರೀ? ಹೊಗೆ ಹಾಕ್ಕೊಂಡು ಎತ್ತಿನ ಗಾಡಿ ಮೇಲೆ ಮನೆಗೆ ಬಂದ್ರಲ್ಲ!”

ಜಗಲಿಯ ಜನವೆಲ್ಲ ಮುಕುಂದಯ್ಯನ ಕಡೆ ತಿರುಗಿತು. ಆಮೇಲೆ ಮುಕುಂದಯ್ಯನೇ ಮೊದಲು ನಕ್ಕರು. ಸುಳ್ಳು ಹಿಡಿದವನ ಬೆನ್ನು ತಟ್ಟಿ, “ಹಲ್ಲಲ್ಲಿ ಕೇಳ್ತೀಯಲ್ಲಯ್ಯ, ಯಾವ ಗುರು ಕಲ್ಸಿದ ನಿಂಗೆ?” ಅಂತ ಕೇಳಿದರು. ದುಗ್ಗಪ್ಪನಿಗೆ ಅದು ಕೇಳಿಸಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಒಳಗಿನ ಹುಳುಕನ್ನು ಒಂದು ಕಡ್ಡಿಯಲ್ಲಿ ಕಾಣುವವನನ್ನು ಚಂದ್ರನಾಥ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ದುಗ್ಗಪ್ಪನ ಪಕ್ಕ ಗೌರವದಿಂದ ಒಂದಿಷ್ಟು ಜಾಗ ಬಿಟ್ಟೇ ಕೂತ.

ಮುಂದಿನ ಭಾನುವಾರ ಸಾಗರ. ಅಲ್ಲಿ ನಾಟಾ ವ್ಯಾಪಾರಿ ಗಣೇಶಮೂರ್ತಿಯ ಡಿಪೋದಲ್ಲಿ ಮಿಲಿಟರಿಯವರು ಹರಾಜು ಹಾಕಿದ ಒಂದು ಗಾಡಿ ಇತ್ತು. ಹಸಿರು ಬಣ್ಣ, ಕೋಣದಂಥ ಗಟ್ಟಿ ಮೈ. ದುಗ್ಗಪ್ಪ ಕಡ್ಡಿ ಕಚ್ಚಿ ಕೇಳಿದ, ತಲೆದೂಗಿದ. “ಎಂಜಿನ್ ಒಳ್ಳೇದು!” ಚಂದ್ರನಾಥ ಕೈ ಮುಗಿಯುವುದೊಂದು ಬಾಕಿ. ಅಷ್ಟಕ್ಕೆ ಬಿಡುವ ಆಸಾಮಿಯೇ ದುಗ್ಗಪ್ಪ? ಸಣ್ಣ ಸುತ್ತಿಗೆ ತೆಗೆದುಕೊಂಡು, ಬಸದಿಯಲ್ಲಿ ಗಂಟೆ ಮುಟ್ಟುವಷ್ಟು ಮೆಲ್ಲಗೆ, ಗಾಡಿಯ ಮೈಯನ್ನೆಲ್ಲ ಬಡಿಯುತ್ತ ಹೋದ. ಇನ್ನೊಂದು ಕೈಯನ್ನು ಕಬ್ಬಿಣದ ಮೇಲೆ ಇಟ್ಟಿದ್ದ. ಟಣ್, ಟಣ್, ಟಣ್. ಸೀಟಿನ ಕೆಳಗೆ ಒಂದು ಕಡೆ ಟಪ್ ಅಂದಿತು. ಅಲ್ಲಿ ಬಣ್ಣ ಕೆರೆದ. ಕೂದಲೆಳೆಯಷ್ಟು ಬಿರುಕು, ಕಬ್ಬಿಣದ ಅರ್ಧ ಸುತ್ತಿನವರೆಗೆ ಹೋಗಿತ್ತು.

“ಇಳಿಜಾರಲ್ಲಿ ಎರಡು ತುಂಡಾಗ್ತಿತ್ತು ಗುಮಾಸ್ತರೇ! ನೀವು ಒಂದ್ಕಡೆ, ಗಾಡಿ ಒಂದ್ಕಡೆ!”

ಗಣೇಶಮೂರ್ತಿ ಪಾಪ, ಅವನಿಗೇ ಗೊತ್ತಿರಲಿಲ್ಲ. ಅವನು ಬಿರುಕಿನ ಮೇಲೆ ಬೆರಳಾಡಿಸಿ, ಕೈ ಬೆಂಕಿಗೆ ತಾಗಿದವನಂತೆ ಹಿಂದಕ್ಕೆ ಸರಿದ. ಚಂದ್ರನಾಥನಿಗೆ ಜೀವ ಉಳಿಯಿತೆಂದು ಸಂತೋಷಪಡಬೇಕೋ, ಗಾಡಿ ಹೋಯಿತೆಂದು ಅಳಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಜಿನಮ್ಮ ಈಗ ಬಸದಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದಳು.

ಆ ವಾರ ಕಚೇರಿಗೆ ಮೂಕಮ್ಮ ಅನ್ನುವ ಹೆಂಗಸು ಬಂದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಗದ್ದೆಯ ಖಾತೆ ಬದಲಾಯಿಸಬೇಕಿತ್ತು. ಚಂದ್ರನಾಥ ಅರ್ಜಿ ಬರೆಯುತ್ತ, “ಯಜಮಾನರ ಹೆಸರು?” ಅಂತ ಕೇಳಿದ. ಪಕ್ಕದಲ್ಲಿದ್ದ ಜವಾನ, “ಹೂವಪ್ಪ ಅಂತ ಬರೀರಿ ಸ್ವಾಮಿ. ಟಪಾಲು ಹೂವಪ್ಪ. ಫಟಫಟೀಲಿ ಸಾಗರ, ರಿಪ್ಪನ್‌ಪೇಟೆಗೆಲ್ಲ ಟಪಾಲು ಒಯ್ತಿದ್ನಲ್ಲ, ಜ್ವರ ಬಂದು ತೀರ್ಕೊಂಡ,” ಅಂದ.

ಚಂದ್ರನಾಥನ ಕೈಯಲ್ಲಿ ಲೇಖನಿ ನಿಂತಿತು. “ಆ ಗಾಡಿ ಈಗ ಎಲ್ಲಿದೆ ಅಮ್ಮಾ?”

“ಎಲ್ಲಿರುತ್ತೆ? ನಮ್ಮ ಕೊಟ್ಟಿಗೇಲಿ. ಈ ಕಚೇರಿ ಹಿಂದಿನ ಓಣೀಲಿ,” ಅಂದಳು ಮೂಕಮ್ಮ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಒಂದೂವರೆ ವರ್ಷ ಅದೇ ಓಣಿಯ ಮುಂದೆ ನಡೆದುಹೋಗಿದ್ದ. ಮಾರನೆಯ ಮಧ್ಯಾಹ್ನ ಬಸ್ಸಿನ ಜೊತೆ ಬಂದ ದುಗ್ಗಪ್ಪನ ಮುಂದೆ ಚಂದ್ರನಾಥ ಕೂಗಿ ಕೂಗಿ ಹೂವಪ್ಪನ ಹೆಸರು ಹೇಳಿದಾಗ, ದುಗ್ಗಪ್ಪ ಮೊದಲನೇ ಸಲ ದನಿ ತಗ್ಗಿಸಿ ಮಾತಾಡಿದ.

“ಅದನ್ನ ಶಿವಮೊಗ್ಗಕ್ಕೆ ಮಾರಿದ್ರು ಅಂದ್ಕೊಂಡಿದ್ದೆ. ದಿನಾ ನಮ್ಮ ಷೆಡ್ಡಿನ ಮುಂದೇ ಹೋಗ್ತಿತ್ತು. ನನ್ನ ಕಿವಿ ಕಡೇ ಸಲ ಕೇಳಿದ ಒಳ್ಳೇ ಸದ್ದು ಅಂದ್ರೆ ಅದೇ.”

ಕೊಟ್ಟಿಗೆಯ ಮೂಲೆಯಲ್ಲಿ ಗಾಡಿ ಧೂಳು ಹೊದ್ದು ನಿಂತಿತ್ತು. ಚೆಂದವೇನೂ ಇರಲಿಲ್ಲ. ಟ್ಯಾಂಕಿನ ಬಣ್ಣ ಏನೆಂದು ಹೇಳುವಂತಿರಲಿಲ್ಲ, ಸೀಟಿನ ಚರ್ಮವನ್ನು ಇಲಿ ತಿಂದು ಮುಗಿಸಿದ್ದವು. ಚರ್ಮದ ಮೇಲೆ ಕೂತು ಬಂದವನನ್ನು ಅಮ್ಮ ಹೊಸಿಲೊಳಗೆ ಬಿಟ್ಟುಕೊಳ್ಳುವಳೋ ಇಲ್ಲವೋ ಎಂದು ಹೆದರಿದ್ದ ಚಂದ್ರನಾಥನಿಗೆ ಇಲಿಗಳ ಮೇಲೆ ಪ್ರೀತಿಯೇ ಬಂತು. ದುಗ್ಗಪ್ಪ ಸುತ್ತಿಗೆಯಿಂದ ಮೈಯೆಲ್ಲ ಬಡಿದ. ಎಲ್ಲ ಕಡೆಯೂ ಟಣ್. ಕಡ್ಡಿ ಕಚ್ಚಿಕೊಂಡು, ಕೈಯಿಂದಲೇ ಒದೆಗೋಲನ್ನು ಅಂಗುಲ ಅಂಗುಲವಾಗಿ ಒತ್ತಿದ. ಒಳಗಿನಿಂದ ನಿಡಿದಾದ ಉಸಿರು ಹೊರಬಂತು.

“ಸತ್ತಿಲ್ಲ ಗುಮಾಸ್ತರೇ! ನಿದ್ದೆ ಮಾಡ್ತಿದೆ!” ಎಂದು ದುಗ್ಗಪ್ಪ ಕೂಗಿದ.

ಅವನ ಕೂಗಿಗೆ ಗಾಡಿಯ ಮುಂದಿನ ದೀಪದೊಳಗಿಂದ ಒಂದು ಹಕ್ಕಿ ಪುರ್ರೆಂದು ಹಾರಿ ಜಂತೆಯ ಮೇಲೆ ಕೂತಿತು. ಬೂದುಗಪ್ಪು ಬೆನ್ನು, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಮಡಿವಾಳ ಹಕ್ಕಿ. ದೀಪದ ಗಾಜು ಎಂದೋ ಒಡೆದಿತ್ತು. ಚಂದ್ರನಾಥ ಬಗ್ಗಿ ನೋಡಿದ. ನಾರು, ಒಣ ಹುಲ್ಲು, ಅದರ ಮೇಲೆ ಚುಕ್ಕೆ ಚುಕ್ಕೆಯ ನಾಲ್ಕು ಮೊಟ್ಟೆ.

“ಅದಕ್ಯಾಕೆ ಮುಖ ಬಾಡಿಸ್ಕೊಳ್ತೀರಿ? ಕೋಲಲ್ಲಿ ತೆಗೆದ್ರಾಯ್ತು,” ಅಂದಳು ಮೂಕಮ್ಮ.

“ಬೇಡ ಅಮ್ಮಾ, ಮುಟ್ಬೇಡಿ,” ಅಂದವನೇ ಚಂದ್ರನಾಥ ಹೊರಗೆ ಬಂದು ಕಲ್ಲಿನ ಮೇಲೆ ಕೂತುಬಿಟ್ಟ. ಮೊಟ್ಟೆ ಒಡೆದು ಮರಿಯಾಗಿ ಹಾರಲು ಏನಿಲ್ಲವೆಂದರೂ ತಿಂಗಳು ಬೇಕು. ತಿಂಗಳೆಂದರೆ ಅಮ್ಮನಿಗೆ ಮೂವತ್ತು ಉಪವಾಸ. ಅವಳ ಹತ್ತಿರ ಅಷ್ಟು ದಿನ ಉಳಿದಿವೆಯೋ ಇಲ್ಲವೋ ಯಾರಿಗೆ ಗೊತ್ತು? ನಾಲ್ಕು ಮೊಟ್ಟೆಗೆ ಒಬ್ಬ ತಾಯಿ! ಇಂಥ ತಕ್ಕಡಿಯನ್ನು ಯಾವ ಮಗನ ಕೈಗೂ ದೇವರು ಕೊಡಬಾರದು.

ಆ ರಾತ್ರಿ ಅವನು ತಾಯಿಗೆ ಎಲ್ಲವನ್ನೂ ಹೇಳಿದ. ಮುಚ್ಚಿಟ್ಟದ್ದು ಸಾಕಾಗಿತ್ತು. ಜಿನಮ್ಮ ಗೋಡೆಗೆ ಒರಗಿ ಕೇಳಿದಳು.

“ಕಾವಿಗೆ ಕೂತ ಹಕ್ಕಿ ಸರಿಯಾಗಿ ತಿನ್ನಕ್ಕೂ ಏಳಲ್ಲ ಕಣೋ. ನನ್ನ ಹಾಗೇ ಅದು. ಕಾಯೋಣ, ಏನಂತೆ? ಇಷ್ಟು ದಿನ ಕಾದಿಲ್ವಾ?” ಅಂದಳು. ಹೇಳುವಾಗ ಅವಳಿಗೆ ಕೈ ಎತ್ತಲೂ ಶಕ್ತಿ ಇರಲಿಲ್ಲ, ಮುಖದ ತುಂಬ ನಗು ಇತ್ತು. ಚಂದ್ರನಾಥ ತಾಯಿಯ ಕಾಲ ಬಳಿ ತಲೆ ತಗ್ಗಿಸಿ ಕೂತ. ಅವನಿಗೆ ಅಳುವೂ ಬಂತು, ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಅನ್ನುವ ಬೆರಗೂ ಬಂತು.

ಮಾರನೆಯ ಬೆಳಗ್ಗೆ ಬಸ್ಸು ಏರಿನಲ್ಲಿ ನಿಂತಿತು. ಎಲ್ಲರ ಜೊತೆ ಇಳಿದು ಬೆನ್ನು ಕೊಟ್ಟು ನೂಕುತ್ತಿರುವಾಗ ಚಂದ್ರನಾಥ ಇದ್ದಕ್ಕಿದ್ದಂತೆ ನೂಕುವುದನ್ನು ಬಿಟ್ಟು ನೆಟ್ಟಗಾದ. ಅಲ್ಲ, ಅವನಿಗೆ ದೀಪ ಯಾಕೆ? ಹೊತ್ತು ಮುಳುಗುವ ಮುಂಚೆ ಮನೆ ಸೇರುವುದಕ್ಕೆ ತಾನೆ ಗಾಡಿ? ಕತ್ತಲಲ್ಲಿ ಬರುವುದಾದರೆ ಈ ದರಿದ್ರ ಬಸ್ಸೇ ಸಾಕಲ್ಲ! “ದೀಪ ಬೇಡ!” ಎಂದು ಅವನು ಬಸ್ಸಿನ ಜೊತೆ ಬಂದಿದ್ದ ದುಗ್ಗಪ್ಪನ ಕಿವಿಯ ಹತ್ತಿರ ಅರಚಿದ. ಪಕ್ಕದಲ್ಲಿ ನೂಕುತ್ತಿದ್ದವರು ಗುಮಾಸ್ತರಿಗೆ ತಲೆ ಕೆಟ್ಟಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಗ್ಗಪ್ಪ ಕ್ಷಣ ಯೋಚಿಸಿ, ಹಣೆ ಹಣೆ ಬಡಿದುಕೊಂಡು ನಕ್ಕ.

ಆ ಮಧ್ಯಾಹ್ನ ಕೊಟ್ಟಿಗೆಯಲ್ಲಿ ನಡೆದದ್ದನ್ನು ಚಂದ್ರನಾಥ ಸಾಯುವವರೆಗೂ ಮರೆಯಲಿಲ್ಲ. ಹಕ್ಕಿ ಗೂಡಿನಲ್ಲೇ ಇತ್ತು. ದುಗ್ಗಪ್ಪ ಮಾತಾಡಬಾರದೆಂದು ಮೊದಲೇ ಕರಾರಾಗಿತ್ತು. ಅವನು ತುಟಿ ಬಿಗಿಹಿಡಿದು, ಬರಿಗಾಲಲ್ಲಿ, ನೆರಳು ಸರಿದ ಹಾಗೆ ಹೋದ. ದೀಪದ ಬುರುಡೆಗೆ ತೆಂಗಿನ ನಾರಿನ ಹಗ್ಗವನ್ನು ಮೂರು ಸುತ್ತು ಹಾಕಿ, ಮೇಲಿನ ಜಂತೆಗೆ ಬಿಗಿದು, ಭಾರವನ್ನೆಲ್ಲ ಹಗ್ಗಕ್ಕೆ ಕೊಟ್ಟ. ಆಮೇಲೆ ಬೋಲ್ಟು. ತುಕ್ಕು ಹಿಡಿದ ಬೋಲ್ಟನ್ನು ಒಂದು ಕಿರುಗುಟ್ಟೂ ಇಲ್ಲದೆ ಬಿಚ್ಚಬೇಕು. ಎಣ್ಣೆ ಬಿಟ್ಟ, ಕಾದ. ಅರ್ಧ ಸುತ್ತು ತಿರುಗಿಸಿದ, ಕಾದ. ಬೆಳಗ್ಗೆಯಿಂದ ಸಂಜೆಯವರೆಗೆ ಸುತ್ತಿಗೆ ಬಡಿಯುವ ಆ ಒರಟು ಬೆರಳುಗಳು ಹಕ್ಕಿಯ ಕೊಕ್ಕಿನಿಂದ ನಾಲ್ಕು ಬೆರಳು ದೂರದಲ್ಲಿ ಆಡುತ್ತಿದ್ದವು. ಹಕ್ಕಿ ಒಂದು ಕಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಹಾರಲಿಲ್ಲ!

ಎರಡನೇ ಬೋಲ್ಟು ಬಂದಾಗ ಮೂಕಮ್ಮ, ಚಂದ್ರನಾಥ ಸೇರಿ ಗಾಡಿಯನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಸಿದರು. ಗಾಡಿ ಹಿಂದೆ ಬಂತು. ದೀಪ ಇದ್ದಲ್ಲೇ, ಇದ್ದ ಎತ್ತರದಲ್ಲೇ, ಇದ್ದ ದಿಕ್ಕಿಗೇ ಗಾಳಿಯಲ್ಲಿ ನಿಂತಿತು. ಅದರೊಳಗೆ ಹಕ್ಕಿ ಏನೂ ಆಗಿಲ್ಲವೆಂಬಂತೆ ರೆಕ್ಕೆ ಸರಿಪಡಿಸಿಕೊಂಡು ಕೂತಿತ್ತು. ನಿನ್ನೆ ಕೋಲಲ್ಲಿ ತೆಗೆದರಾಯಿತೆಂದಿದ್ದ ಮೂಕಮ್ಮ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು.

ದುಗ್ಗಪ್ಪ ಆಗ ಕಡ್ಡಿ ತೆಗೆದ. ತುದಿಯನ್ನು ದೀಪದ ಅಂಚಿಗೆ ತಾಗಿಯೂ ತಾಗದ ಹಾಗೆ ಇಟ್ಟು, ಕಚ್ಚಿ, ಕಣ್ಣು ಮುಚ್ಚಿದ. ಆ ಮುಖ ಅರಳಿದ ರೀತಿಯನ್ನು ಹೇಗೆ ಹೇಳುವುದು! ಅವನು ಚಂದ್ರನಾಥನನ್ನು ಕೈಸನ್ನೆ ಮಾಡಿ ಕರೆದು ಕಡ್ಡಿಯನ್ನು ಕೊಟ್ಟ. ಮಡಿ, ಮೈಲಿಗೆ, ಎಂಜಲು ಎಂದು ಹುಟ್ಟಿದಾಗಿನಿಂದ ಕಲಿತವನು ಅದೆಲ್ಲವನ್ನೂ ಮರೆತು ಕಡ್ಡಿ ಕಚ್ಚಿದ. ಮೊದಲು ಏನೂ ಇಲ್ಲ. ಆಮೇಲೆ ತಲೆಯ ಒಳಗೆ, ಎಲ್ಲೋ ಬಹಳ ದೂರದಿಂದ, ಟಿಕ್. ತಡೆದು ಮತ್ತೆ ಟಿಕ್, ಟಿಕ್. ಮೊಟ್ಟೆಯ ಒಳಗಿನಿಂದ ಯಾರೋ ಬಾಗಿಲು ತಟ್ಟುತ್ತಿದ್ದರು. ಚಂದ್ರನಾಥನ ಕಣ್ಣಿಂದ ನೀರು ಇಳಿದು ಕಡ್ಡಿಯ ಮೇಲೆ ಬಿತ್ತು.

ಮೆಣಸಿನ ದುಡ್ಡನ್ನು ಮೂಕಮ್ಮನ ಕೈಗಿಟ್ಟು, ಗಾಡಿಯನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿ ರಿಪ್ಪನ್‌ಪೇಟೆಗೆ ಒಯ್ದರು. ದುಗ್ಗಪ್ಪ ಎಂಟು ದಿನ ಅದರ ಹೊಟ್ಟೆ ಬಿಚ್ಚಿ ತೊಳೆದು ಕಟ್ಟಿದ, ಚಂದ್ರನಾಥನಿಗೆ ಷೆಡ್ಡಿನ ಹಿಂದಿನ ಬಯಲಲ್ಲಿ ಓಡಿಸುವುದನ್ನು ಕಲಿಸಿದ. ಚಂದ್ರಮತಿ ತೆಂಗಿನ ನಾರು ತುಂಬಿ ದಪ್ಪ ಬಟ್ಟೆಯಲ್ಲಿ ಸೀಟು ಹೊಲಿದಳು. ಎರಡು ಸಲ ಚಂದ್ರನಾಥ ಬೇಲಿಗೆ ನುಗ್ಗಿದ, ಅದನ್ನು ಬಿಡೋಣ.

ಚೈತ್ರದ ಕಡೆಯ ಸೋಮವಾರ ಐದು ಹೊಡೆಯಿತು. ಚಂದ್ರನಾಥ ಕಚೇರಿಯಿಂದ ಇಳಿದು ಬಂದು, ಓಣಿ ದಾಟುವವರೆಗೆ ಗಾಡಿಯನ್ನು ನೂಕಿಕೊಂಡೇ ಹೋದ, ಕೊಟ್ಟಿಗೆಯಲ್ಲಿ ಮರಿಗಳು ಬೆಚ್ಚಬಾರದೆಂದು. ಊರಾಚೆ ನಿಂತು ಒದ್ದ. ಅಬ್ಬಬ್ಬಾ, ಆ ದಾರಿ! ಒಂದೂವರೆ ವರ್ಷ ಅವನು ಬೆನ್ನು ಕೊಟ್ಟು ನೂಕಿದ ಏರುಗಳು ಒಂದೊಂದಾಗಿ ಬಂದು ಗಾಲಿಯ ಅಡಿಗೆ ಮಲಗಿದವು. ದಾರಿಗೆ ಅಡ್ಡ ಚಾಚಿದ ಮರಗಳ ನೆರಳು ಅವನ ಮೈಮೇಲೆ ಓಡಿತು, ಬಿಸಿಲು ಓಡಿತು, ಮತ್ತೆ ನೆರಳು. ಪ್ರತಿ ತಿರುವಿಗೂ ಎಡಗಡೆ ಗುಡ್ಡದ ಸಂದಿನಲ್ಲಿ ಸೂರ್ಯ ಕಾಣಿಸಿಕೊಳ್ಳುತ್ತಿದ್ದ. ದಿನಾ ಅವನಿಗಿಂತ ಮೊದಲು ಮನೆಗೆ ಹೋಗುತ್ತಿದ್ದ ಸೂರ್ಯ ಇವತ್ತು ಎಲ್ಲಿಗೂ ಹೋಗದೆ ನಿಂತಿದ್ದ! ಚಂದ್ರನಾಥ ಒಬ್ಬನೇ ಜೋರಾಗಿ ನಕ್ಕ, ಬಾಯಿಗೆ ಧೂಳು ಹೋಯಿತು, ಆದರೂ ನಕ್ಕ.

ಸದ್ದು ಕೇಳಿ ಜಿನಮ್ಮ ಗೋಡೆ ಹಿಡಿದು ಅಂಗಳಕ್ಕೆ ಬಂದಿದ್ದಳು. ಅವಳು ಗಾಡಿಯನ್ನು ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಮೊದಲು ಪಡುವಣ ದಿಕ್ಕಿಗೆ ನೋಡಿದಳು. ಸೂರ್ಯ ಗುಡ್ಡದ ಮೇಲೆ ಇನ್ನೂ ಎರಡು ಆಳು ಎತ್ತರದಲ್ಲಿದ್ದ. ಆಮೇಲೆ ಮಗನನ್ನು ನೋಡಿದಳು.

“ಬಂದ್ಯಾ?”

“ಬಂದೆ ಅಮ್ಮ.”

ಅವಳೇ ಬಡಿಸಿದಳು. ಚಂದ್ರಮತಿ ಸೌಟು ಹಿಡಿಯಲು ಬಂದರೆ ಬೇಡವೆಂದಳು. ಮಗನ ಎಲೆಯಲ್ಲಿ ಮೊದಲ ತುತ್ತು ಎದ್ದ ಮೇಲೆ ತಾ‌ನೂ ಎದುರಿಗೆ ಕೂತು ಉಂಡಳು. ಕಿಟಕಿಯಿಂದ ಹೊಂಬಿಸಿಲು ಎಲೆಯ ಮೇಲೆ ಬಿದ್ದಿತ್ತು. ಅನ್ನ ಮುಗಿದಾಗ ಜಿನಮ್ಮ ತಲೆ ಎತ್ತದೆ, ನಾಚಿಕೊಂಡವಳಂತೆ, “ಇನ್ನೊಂದು ಸೌಟು ಹಾಕು ಚಂದ್ರಮತಿ,” ಅಂದಳು. ಚಂದ್ರನಾಥ ಮುಖವನ್ನು ಆಚೆ ತಿರುಗಿಸಿಕೊಂಡ.

ಅಲ್ಲಿಂದ ಮುಂದೆ ಬಸದಿಕೊಪ್ಪದವರಿಗೆ ಗಡಿಯಾರ ಬೇಕಾಗಲಿಲ್ಲ. ಫಟಫಟಿ ಬಂತೆಂದರೆ ಜೈನರ ಮನೆಗಳಲ್ಲಿ ಎಲೆ ಹಾಕುತ್ತಿದ್ದರು. ಜಿನಮ್ಮ ಗೋಡೆ ಬಿಟ್ಟು ನಡೆಯತೊಡಗಿದಳು. ಮೊದಲ ಮಳೆ ಬೀಳುವ ಹೊತ್ತಿಗೆ ಅಭಿಷೇಕದ ಬಿಂದಿಗೆ ಮತ್ತೆ ಅವಳ ಸೊಂಟಕ್ಕೆ ಬಂದಿತ್ತು.

ಅದೇ ದಿನಗಳಲ್ಲಿ ಮೂಕಮ್ಮ ಒಂದು ಗಂಟು ಹಿಡಿದು ಕಚೇರಿಗೆ ಬಂದಳು. “ನಾಲ್ಕೂ ಹಾರಿದ್ವು ಗುಮಾಸ್ತರೇ. ನಾಲ್ಕಕ್ಕೆ ನಾಲ್ಕೂ!” ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿ, ಬಟ್ಟೆ ಬಿಚ್ಚಿ ಉಜ್ಜಿ ತೊಳೆದ ದೀಪವನ್ನು ಮೇಜಿನ ಮೇಲಿಟ್ಟಳು.

ಚಂದ್ರನಾಥ ಅದನ್ನು ಸಂಜೆ ಮನೆಗೆ ತಂದ. “ಭಾನುವಾರ ದುಗ್ಗಪ್ಪನ ಹತ್ರ ಹಾಕಿಸ್ತೀನಿ. ಹೊಸ ಗಾಜು ಹಾಕಿದ್ರೆ ಗಾಡಿಗೆ ಲಕ್ಷಣ ಬರುತ್ತೆ,” ಅಂದ.

ಜಿನಮ್ಮ ದೀಪವನ್ನು ಕೈಗೆ ತೆಗೆದುಕೊಂಡು ಒಳಗೂ ಹೊರಗೂ ತಿರುಗಿಸಿ ನೋಡಿದಳು. ತಳದಲ್ಲಿ ಒಂದು ಎಳೆ ನಾರು ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ತೆಗೆಯಲಿಲ್ಲ.

“ಬೇಡ ಮಗಾ. ಗಾಡಿಗೆ ದೀಪ ಕೊಟ್ರೆ ನೀನು ಕತ್ಲಲ್ಲಿ ಬರೋದು ಕಲೀತೀಯ,” ಅಂದಳು. ಸೊಸೆಯನ್ನು ಕರೆದು ನಾರಿನ ಹಗ್ಗ ತರಿಸಿ, ದೀಪವನ್ನು ಮಾಡಿನ ಕೆಳಗೆ, ಮಳೆ ಎರಚದ ಕಡೆಗೆ ಮುಖ ಮಾಡಿ ಕಟ್ಟಿಸಿದಳು. ಕಟ್ಟಿದ್ದು ಗಟ್ಟಿಯಾಗಿದೆಯೇ ಎಂದು ಜಗ್ಗಿ ನೋಡಿ, ಹಣೆಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ತಿರುಗಿದಳು.

“ಏಳು, ಕೈಕಾಲು ತೊಳಿ. ಹೊತ್ತು ಇನ್ನೂ ಇದೆ.”